ಕಾಳಿನ ಮೇಲಿನ ಬೂಷ್ಟು: ಅಡುಗೆಮನೆಯ ಪ್ರಯೋಗದಿಂದ ಉದ್ದಿಮೆಯ ಲೆಕ್ಕದವರೆಗೆ

ಧಾನ್ಯದ ವ್ಯಾಪಾರದಲ್ಲಿರುವವರಿಗೆ ಬೂಷ್ಟು ಎಂಬ ಶಬ್ದವೇ ಅಶುಭ. ಮಳೆಗಾಲದಲ್ಲಿ ಗೋದಾಮಿಗೆ ತೇವ ಏರಿ ಚೀಲದ ಮೂಲೆಯಲ್ಲಿ ಹಸಿರು ಛಾಯೆ ಕಂಡಿತೆಂದರೆ ಆ ಸರಕಿನ ಬೆಲೆ ಕುಸಿಯಿತೆಂದೇ ಅರ್ಥ. ಆದರೆ ಬೂಷ್ಟಿನ ಬೀಜವನ್ನು ಹಣ ಕೊಟ್ಟು ಕೊಂಡು, ಬೇಯಿಸಿದ ಅಕ್ಕಿ, ಬಾರ್ಲಿ, ಸೋಯಾ ಅವರೆಗಳ ಮೇಲೆ ಬಿತ್ತಿ, ಎರಡು ದಿನಗಳಲ್ಲಿ ಮೂಲ ಕಾಳಿಗಿಂತ ಹೆಚ್ಚು ಬೆಲೆ ಬಾಳುವ ಆಹಾರವನ್ನು ಪಡೆಯುವ ಕಸುಬು ಜಪಾನ್ ಮತ್ತು ಇಂಡೊನೇಷ್ಯಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಜಪಾನಿನ ಕೋಜಿ ಮತ್ತು ಜಾವಾ ದ್ವೀಪದ ಟೆಂಪೆ ಇದರ ಎರಡು ಪ್ರಮುಖ ನಿದರ್ಶನಗಳು.

ಇವೆರಡನ್ನೂ ಮನೆಯಲ್ಲಿಯೇ ತಯಾರಿಸುವ ಹವ್ಯಾಸ ಹಲವು ದೇಶಗಳಿಗೆ ಹಬ್ಬಿದೆ. ಹವ್ಯಾಸವಾಗಿ ಆರಂಭಿಸಿದವರು ನೆರೆಹೊರೆಗೆ ಮಾರಲು ತೊಡಗುವುದು, ಬಳಿಕ ಅದನ್ನೇ ಕಿರು ಉದ್ದಿಮೆಯಾಗಿಸಲು ಬಯಸುವುದು ಸಹಜ. ಈ ಹಂತದಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಇದು ತಿನ್ನಲು ಸುರಕ್ಷಿತವೇ? ಇದರಲ್ಲಿ ನಿಜಕ್ಕೂ ಲಾಭವಿದೆಯೇ? ಕಾನೂನು ಏನನ್ನು ಬಯಸುತ್ತದೆ? ಮೊದಲನೆಯ ಪ್ರಶ್ನೆಯಲ್ಲಿ ತಪ್ಪಿದರೆ ಪ್ರಾಣ ಹೋಗುತ್ತದೆ. ಎರಡನೆಯದರಲ್ಲಿ ತಪ್ಪಿದರೆ ಬಂಡವಾಳ ಹೋಗುತ್ತದೆ. ಮೂರನೆಯದರಲ್ಲಿ ತಪ್ಪಿದರೆ ಉದ್ದಿಮೆಯೇ ನಿಲ್ಲುತ್ತದೆ. ಈ ಮೂರನ್ನೂ ವ್ಯಾಪಾರಿಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾವಾದ ಟೆಂಪೆ

ಟೆಂಪೆ ಎಂದರೆ ಬೇಯಿಸಿದ ಸೋಯಾ ಅವರೆಯ ಬೇಳೆಗಳನ್ನು ಬಿಳಿಯ ಶಿಲೀಂಧ್ರದ ಎಳೆಗಳು ಒಂದಕ್ಕೊಂದು ಹೆಣೆದು ಗಟ್ಟಿ ಹಲಗೆಯಂತೆ ಮಾಡಿದ ಆಹಾರ. ಅದನ್ನು ಚಾಕುವಿನಿಂದ ಬಿಲ್ಲೆಗಳಾಗಿ ಕತ್ತರಿಸಿ ಹುರಿಯುತ್ತಾರೆ ಅಥವಾ ಸಾರಿಗೆ ಹಾಕುತ್ತಾರೆ. ಹೀಗೆ ಹೆಣೆಯುವ ಶಿಲೀಂಧ್ರದ ಹೆಸರು ರೈಜೋಪಸ್. ಡಚ್ ವಿಜ್ಞಾನಿ ಪ್ರಿನ್ಸೆನ್ ಖೇರ್ಲಿಗ್ಸ್ ಅವರು 1895ರಲ್ಲಿ ಇದನ್ನು ಗುರುತಿಸಿ ದಾಖಲಿಸಿದರು. ಆದರೆ ಜಾವಾದ ಜನ ಅದಕ್ಕೂ ಬಹಳ ಹಿಂದೆಯೇ ದಾಸವಾಳದ ಜಾತಿಗೆ ಸೇರಿದ ವಾರು ಎಂಬ ಮರದ ಎಲೆಗಳ ನಡುವೆ ಬೆಂದ ಕಾಳನ್ನಿರಿಸಿ, ಎಲೆಗೆ ಅಂಟಿಕೊಂಡ ಬೀಜಾಣುಗಳನ್ನೇ ಮುಂದಿನ ಸಲಕ್ಕೆ ಹೆಪ್ಪಾಗಿ ಬಳಸುತ್ತಿದ್ದರು. ಬಾಳೆಯ ಎಲೆಯಲ್ಲಿ ಕಟ್ಟಿದ ಟೆಂಪೆ ಅಲ್ಲಿಯ ಸಂತೆಗಳಲ್ಲಿ ಇಂದಿಗೂ ಮಾರಾಟವಾಗುತ್ತದೆ.

ನಮ್ಮ ಇಡ್ಲಿ ಹಿಟ್ಟು ಹುದುಗುವುದಕ್ಕೂ ಇದಕ್ಕೂ ಒಂದು ಮೂಲಭೂತ ಭೇದವಿದೆ. ಇಡ್ಲಿ ಹಿಟ್ಟನ್ನು ಹುದುಗಿಸುವವು ಮುಖ್ಯವಾಗಿ ಬ್ಯಾಕ್ಟೀರಿಯಗಳು. ಅವು ಅಕ್ಕಿ ಉದ್ದುಗಳ ಜೊತೆಯಲ್ಲಿಯೇ ಬರುತ್ತವೆ, ಹೊರಗಿನಿಂದ ಹೆಪ್ಪು ಬೇಕಾಗುವುದಿಲ್ಲ. ಹಿಟ್ಟು ಹುಳಿಯೇರಿದಂತೆ ಕೆಟ್ಟ ಕ್ರಿಮಿಗಳಿಗೆ ಅಲ್ಲಿ ಜಾಗ ಕಡಿಮೆಯಾಗುತ್ತದೆ. ಟೆಂಪೆಯಲ್ಲಾದರೋ ಕಾಳನ್ನು ಬೇಯಿಸಿದಾಗ ಬಹುತೇಕ ಕ್ರಿಮಿಗಳು ಸಾಯುತ್ತವೆ. ಆ ತೆರವಾದ ಸ್ಥಳವನ್ನು ನಾವು ಹಾಕಿದ ಶಿಲೀಂಧ್ರ ಮೊದಲು ಆಕ್ರಮಿಸುತ್ತದೆಯೋ ಬೇರೊಂದು ಆಕ್ರಮಿಸುತ್ತದೆಯೋ ಎಂಬುದೇ ಪ್ರಶ್ನೆ. ಆದ್ದರಿಂದ ಇಡ್ಲಿಯ ಅನುಭವ ಒಂದರಿಂದಲೇ ಈ ಕೆಲಸಕ್ಕೆ ಧೈರ್ಯಮಾಡುವುದು ಸಲ್ಲದು.

ಇಂಡೊನೇಷ್ಯದಲ್ಲಿ ಟೆಂಪೆ ತಯಾರಿಕೆ ಬಹುಮಟ್ಟಿಗೆ ಮನೆಯ ಹಿತ್ತಲಿನ ಕಿರು ಉದ್ದಿಮೆ. 1979ರಲ್ಲಿ ಅಲ್ಲಿಯ ಟೆಂಪೆ ಮತ್ತು ತೋಫು ತಯಾರಕರ ಸಹಕಾರಿ ಸಂಘವಾದ ಕೋಪ್ಟಿ ಸ್ಥಾಪಿತವಾಯಿತು. ಅಮೆರಿಕದಲ್ಲಿ ಅದೇ ವರ್ಷ ವಿಲಿಯಂ ಶರ್ಟ್‌ಲೆಫ್ ಮತ್ತು ಅಕಿಕೊ ಅವೊಯಾಗಿ ಅವರು ಟೆಂಪೆಯ ಬಗ್ಗೆ ಬರೆದ ಪುಸ್ತಕ ಪ್ರಕಟವಾಗಿ, ಅಲ್ಲಿಯ ಮನೆಗಳಲ್ಲಿ ಈ ಪ್ರಯೋಗಕ್ಕೆ ಪ್ರಚಾರ ದೊರೆಯಿತು. 2013ರಲ್ಲಿ ಕೋಡೆಕ್ಸ್ ಸಂಸ್ಥೆಯು ಟೆಂಪೆಗೆ ಏಷ್ಯ ಪ್ರದೇಶದ ಮಾನಕವನ್ನು ಅಂಗೀಕರಿಸಿತು.

ಜಪಾನಿನ ಕೋಜಿ

ಕೋಜಿ ಎಂದರೆ ಹಬೆಯಲ್ಲಿ ಬೆಂದ ಅಕ್ಕಿ, ಬಾರ್ಲಿ ಅಥವಾ ಸೋಯಾ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಶಿಲೀಂಧ್ರವನ್ನು ಬೆಳೆಸಿದ ಪದಾರ್ಥ. ಅದು ಸ್ವತಃ ಅಂತಿಮ ಸರಕಲ್ಲ, ಮಧ್ಯವರ್ತಿ ಸರಕು. ಶಿಲೀಂಧ್ರ ಬೆಳೆಯುವಾಗ ಸ್ರವಿಸುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಯೂ ಪ್ರೋಟೀನನ್ನು ರುಚಿಕರ ಅಂಶಗಳಾಗಿಯೂ ಒಡೆಯುತ್ತವೆ. ಸೋಯಾ ಸಾಸ್, ಮಿಸೊ, ಸಾಕೆ ಎಂಬ ಮದ್ಯ, ಅಕ್ಕಿಯ ವಿನಿಗರ್ ಎಲ್ಲಕ್ಕೂ ಇದೇ ಬುನಾದಿ. ಜಪಾನಿನ ಮದ್ಯ ತಯಾರಿಕಾ ವಿಜ್ಞಾನ ಸಂಘವು 2006ರಲ್ಲಿ ಕೋಜಿಯನ್ನು ರಾಷ್ಟ್ರದ ಶಿಲೀಂಧ್ರವೆಂದು ಘೋಷಿಸಿತು. 2024ರ ಡಿಸೆಂಬರ್‌ನಲ್ಲಿ ಕೋಜಿಯಿಂದ ಸಾಕೆ ತಯಾರಿಸುವ ಪಾರಂಪರಿಕ ಜ್ಞಾನವನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ವಾಣಿಜ್ಯ ಸಂಸ್ಥೆಗಳ ಸದಸ್ಯರಿಗೆ ಕೋಜಿಯ ಇತಿಹಾಸದಲ್ಲಿ ವಿಶೇಷ ಆಸಕ್ತಿ ಹುಟ್ಟಬೇಕು. ಮಧ್ಯಯುಗದ ಕ್ಯೋಟೊ ನಗರದಲ್ಲಿ ಕಿತಾನೊ ದೇವಾಲಯದ ಆಶ್ರಯದಲ್ಲಿದ್ದ ಕೋಜಿ ತಯಾರಕರ ಶ್ರೇಣಿಗೆ 1419ರಲ್ಲಿ ಷೋಗುನ್ ಆಡಳಿತವು ಏಕಸ್ವಾಮ್ಯವನ್ನು ನೀಡಿತು. ಸಾಕೆ ತಯಾರಕರು ತಮಗೆ ಬೇಕಾದ ಕೋಜಿಯನ್ನು ತಾವೇ ಮಾಡಿಕೊಳ್ಳುವಂತಿರಲಿಲ್ಲ. ಕಚ್ಚಾ ಮಾಲು ಒಬ್ಬರ ಕೈಯಲ್ಲಿ, ಸಿದ್ಧ ಮಾಲು ಇನ್ನೊಬ್ಬರ ಕೈಯಲ್ಲಿ ಎಂಬ ಸ್ಥಿತಿಯಲ್ಲಿ ಅಸಮಾಧಾನ ಬೆಳೆದು 1444ರಲ್ಲಿ ಘರ್ಷಣೆ ಸಂಭವಿಸಿತು; ದೇವಾಲಯದ ಕಟ್ಟಡಗಳು ಬೆಂಕಿಗೆ ಆಹುತಿಯಾದವು; ಏಕಸ್ವಾಮ್ಯವೂ ಅಳಿಯಿತು. ಬಳಿಕ ಸಾಕೆ ತಯಾರಕರು ಕೋಜಿಯನ್ನು ತಮ್ಮಲ್ಲಿಯೇ ಮಾಡಿಕೊಳ್ಳತೊಡಗಿದರು.

ಆದರೆ ಕೋಜಿಯ ಬೀಜವನ್ನು ಮಾತ್ರ ಮಾರುವ ಮನೆತನಗಳು ಇಂದಿಗೂ ಪ್ರತ್ಯೇಕವಾಗಿ ಉಳಿದಿವೆ. ಅವರನ್ನು ಮೊಯಾಶಿ ವ್ಯಾಪಾರಿಗಳೆಂದು ಕರೆಯುತ್ತಾರೆ. ಅಕ್ಕಿಗೆ ಮರದ ಬೂದಿಯನ್ನು ಬೆರೆಸಿ ಕ್ಷಾರಗುಣ ಉಂಟುಮಾಡಿ, ಇತರ ಕ್ರಿಮಿಗಳನ್ನು ತಡೆದು, ಶುದ್ಧ ಬೀಜಾಣುಗಳನ್ನು ಪಡೆಯುವ ವಿದ್ಯೆ ಅವರದು. ಸೂಕ್ಷ್ಮದರ್ಶಕ ಬರುವುದಕ್ಕೆ ಮೊದಲೇ ರೂಢಿಯಾಗಿದ್ದ ಈ ಉಪಾಯ ಇಂದಿನ ವಿಜ್ಞಾನಕ್ಕೂ ಒಪ್ಪಿಗೆಯಾಗಿದೆ. ಬೀಜದ ಶುದ್ಧತೆ ಒಂದು ಸ್ವತಂತ್ರ ಕಸುಬು, ಅದಕ್ಕೊಂದು ಸ್ವತಂತ್ರ ಬೆಲೆ ಎಂಬುದು ಇದರ ತಾತ್ಪರ್ಯ.

ಇದೇ ಕೋಜಿಯಿಂದ ಆಧುನಿಕ ಉದ್ಯಮವನ್ನು ಕಟ್ಟಿದವರು ಜೋಕಿಚಿ ತಕಾಮಿನೆ. ಅಮೆರಿಕಕ್ಕೆ ಹೋದ ಅವರು ಗೋಧಿಯ ಬೂಸಾದ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿ, ಪಿಷ್ಟವನ್ನು ಜೀರ್ಣಿಸುವ ಕಿಣ್ವವನ್ನು ಬೇರ್ಪಡಿಸಿ, 1894ರಲ್ಲಿ ಪೇಟೆಂಟ್ ಪಡೆದರು. ಟಾಕಾ ಡಯಾಸ್ಟೇಸ್ ಎಂಬ ಹೆಸರಿನಲ್ಲಿ ಪಾರ್ಕ್ ಡೇವಿಸ್ ಕಂಪನಿ ಅದನ್ನು ಅಜೀರ್ಣದ ಔಷಧಿಯಾಗಿ ಮಾರಿತು. ಗಿರಣಿಯ ಉಪೋತ್ಪನ್ನವಾದ ಬೂಸಾ ಔಷಧಿಯ ಮೂಲವಸ್ತುವಾದ ಈ ಪ್ರಸಂಗ ಗಿರಣಿ ಮಾಲೀಕರ ಗಮನಕ್ಕೆ ಅರ್ಹವಾದುದು.

ಮನೆಯ ಪ್ರಯೋಗದ ಕ್ರಮ

ಟೆಂಪೆಯ ಕ್ರಮ ಹೀಗಿದೆ. ಸೋಯಾ ಅವರೆಯನ್ನು ರಾತ್ರಿಯಿಡೀ ನೆನೆಯಿಸಿ, ಕೈಯಿಂದ ಉಜ್ಜಿ ಸಿಪ್ಪೆ ತೆಗೆದು, ಬೇಯಿಸಿ, ನೀರು ಬಸಿದು, ಮೇಲ್ಮೈ ಒಣಗುವವರೆಗೆ ಬಟ್ಟೆಯ ಮೇಲೆ ಹರಡಬೇಕು. ಉಗುರುಬೆಚ್ಚಗಾದಾಗ ಸ್ವಲ್ಪ ವಿನಿಗರ್ ಬೆರೆಸಿ, ಹೆಪ್ಪಿನ ಪುಡಿಯನ್ನು ಪೊಟ್ಟಣದ ಸೂಚನೆಯ ಪ್ರಮಾಣದಲ್ಲಿ ಉದುರಿಸಿ ಚೆನ್ನಾಗಿ ಕಲೆಸಬೇಕು. ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಅಥವಾ ಬಾಳೆಯ ಎಲೆಯಲ್ಲಿ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಕಟ್ಟಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇರಿಸಬೇಕು. ಒಂದರಿಂದ ಎರಡು ದಿನಗಳಲ್ಲಿ ಬಿಳಿಯ ಹಲಗೆ ಸಿದ್ಧವಾಗುತ್ತದೆ. ಕಡಲೆ, ಅಲಸಂದೆ ಮುಂತಾದ ಕಾಳುಗಳಲ್ಲಿಯೂ ಇದೇ ಪ್ರಯೋಗವನ್ನು ಹವ್ಯಾಸಿಗಳು ಮಾಡುತ್ತಾರೆ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು ನೀರು. ಕಾಳಿನ ಮೇಲೆ ತೇವ ಉಳಿದರೆ ಬ್ಯಾಕ್ಟೀರಿಯಗಳಿಗೆ ಅನುಕೂಲವಾಗಿ ಕಾಳು ಲೋಳೆಯಾಗುತ್ತದೆ. ಎರಡನೆಯದು ಶಾಖ. ಶಿಲೀಂಧ್ರ ಬೆಳೆಯತೊಡಗಿದ ಮೇಲೆ ತಾನೇ ಶಾಖವನ್ನು ಉತ್ಪಾದಿಸುತ್ತದೆ. ಒಂದು ಪೊಟ್ಟಣದಲ್ಲಿ ಇದು ತಿಳಿಯುವುದಿಲ್ಲ; ಐವತ್ತು ಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಳಗಿನ ಪೊಟ್ಟಣಗಳು ತಮ್ಮ ಶಾಖದಿಂದಲೇ ಕೆಡುತ್ತವೆ. ಮನೆಯಲ್ಲಿ ಚೆನ್ನಾಗಿ ಬಂದದ್ದು ಷೆಡ್ಡಿನಲ್ಲಿ ಕೆಡುವುದಕ್ಕೆ ಇದೊಂದು ಮುಖ್ಯ ಕಾರಣ. ಆದ್ದರಿಂದ ಪ್ರಮಾಣವನ್ನು ಹೆಚ್ಚಿಸುವವರು ಮೊದಲು ಗಾಳಿಯಾಡುವ ತಟ್ಟೆಗಳಿಗೆ ಮತ್ತು ಥರ್ಮಾಮೀಟರಿಗೆ ಹಣ ಹೂಡಬೇಕು.

ಕೋಜಿಗೆ ಅಕ್ಕಿಯನ್ನು ನೀರಿನಲ್ಲಿ ಕುದಿಸಬಾರದು. ನೆನೆಯಿಸಿ, ಬಸಿದು, ಹಬೆಯಲ್ಲಿ ಬೇಯಿಸಬೇಕು. ಅಗುಳು ಒಳಗೆ ಮೃದುವಾಗಿ, ಹೊರಗೆ ಬಿಡಿಬಿಡಿಯಾಗಿರಬೇಕು. ಬೀಜಾಣುಗಳನ್ನು ಉದುರಿಸಿ, ಬಟ್ಟೆಯಲ್ಲಿ ಸುತ್ತಿ, ಬೆಚ್ಚಗೆ ಮತ್ತು ತೇವವಾಗಿ ಇಟ್ಟು, ಸುಮಾರು ಇಪ್ಪತ್ತು ಗಂಟೆಗಳ ನಂತರ ಗಂಟುಗಳನ್ನು ಒಡೆದು ಹರಡಬೇಕು. ಎರಡು ದಿನಗಳ ಸುಮಾರಿಗೆ, ಹಸಿರು ಬಣ್ಣ ಮೂಡುವ ಮೊದಲೇ, ತೆಗೆದು ತಂಪಿನಲ್ಲಿರಿಸಬೇಕು. ಕರಾವಳಿಯ ಸೆಖೆಯಲ್ಲಿ ಈ ಶಾಖ ತಾನಾಗಿಯೇ ದೊರೆಯುತ್ತದೆ. ಬೆಂಗಳೂರು, ಬೆಳಗಾವಿಗಳ ಚಳಿಗಾಲದಲ್ಲಿ ದೋಸೆ ಹಿಟ್ಟೇ ಏಳುವುದಿಲ್ಲವಾದ್ದರಿಂದ ಥರ್ಮೋಕೋಲ್ ಪೆಟ್ಟಿಗೆ, ಒಂದು ಸಣ್ಣ ಬಲ್ಬು ಮತ್ತು ಶಾಖ ನಿಯಂತ್ರಕ ಅಗತ್ಯವಾಗುತ್ತವೆ.

ಪ್ರಾಣಾಪಾಯದ ವಿಷಯ

ಕೋಜಿಯ ಆಸ್ಪರ್ಜಿಲಸ್ ಒರೈಜೆಗೆ ಅತಿ ಸಮೀಪದ ಬಂಧುವೇ ಆಸ್ಪರ್ಜಿಲಸ್ ಫ್ಲೇವಸ್. ಮೊದಲನೆಯದು ಆಹಾರ ನೀಡುತ್ತದೆ. ಎರಡನೆಯದು ಯಕೃತ್ತನ್ನು ನಾಶಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸಬಲ್ಲದು. ಬರಿಗಣ್ಣಿಗೆ ಎರಡೂ ಹಳದಿ ಮಿಶ್ರಿತ ಹಸಿರು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿದ ವಿಜ್ಞಾನಿಗಳಿಗೆ ದೊರೆತದ್ದು ಆಮದಾದ ಶೇಂಗಾ ಹಿಂಡಿಯಲ್ಲಿದ್ದ ಈ ವಿಷ. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನದ ಬಾಂಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಸಾಮಾನ್ಯ ಅಡುಗೆಯ ಶಾಖಕ್ಕೆ ಈ ವಿಷ ನಾಶವಾಗುವುದಿಲ್ಲ. ಆದ್ದರಿಂದ ತಾನಾಗಿ ಬಂದ ಬೂಷ್ಟನ್ನು ಕೋಜಿಯೆಂದು ಭಾವಿಸಿ ಬಳಸುವುದು ಅತ್ಯಂತ ಅಪಾಯಕಾರಿ. ಅಂತೆಯೇ, ಹೆಪ್ಪು ಎಷ್ಟೇ ಶುದ್ಧವಾಗಿದ್ದರೂ ಮೊದಲೇ ಮುಗ್ಗಿದ ಕಾಳನ್ನು ಅಗ್ಗಕ್ಕೆ ಸಿಕ್ಕಿತೆಂದು ಬಳಸಿದರೆ ಕಾಳಿನಲ್ಲಿದ್ದ ವಿಷ ಉತ್ಪನ್ನದಲ್ಲಿಯೂ ಇರುತ್ತದೆ.

ಎರಡನೆಯ ಅಪಾಯ ತೆಂಗಿಗೆ ಸಂಬಂಧಿಸಿದ್ದು. ಮಧ್ಯ ಜಾವಾದಲ್ಲಿ ಸೋಯಾ ಕೊಳ್ಳಲಾಗದ ಬಡವರು ಎಣ್ಣೆ ತೆಗೆದ ತೆಂಗಿನ ಹಿಂಡಿಯ ಮೇಲೆ ಟೆಂಪೆ ಬೆಳೆಸುತ್ತಿದ್ದರು. ಅದರ ಹೆಸರು ಟೆಂಪೆ ಬೊಂಗ್‌ಕ್ರೆಕ್. ಶಿಲೀಂಧ್ರ ಸರಿಯಾಗಿ ಬೆಳೆಯದಿದ್ದಾಗ ಅಲ್ಲಿ ಬರ್ಖೋಲ್ಡೇರಿಯ ಎಂಬ ಬ್ಯಾಕ್ಟೀರಿಯ ಬೆಳೆದು, ತೆಂಗಿನ ಕೊಬ್ಬಿನಾಮ್ಲಗಳ ನೆರವಿನಿಂದ ಬೊಂಗ್‌ಕ್ರೆಕಿಕ್ ಆಮ್ಲವೆಂಬ ಮಾರಕ ವಿಷವನ್ನು ಉತ್ಪಾದಿಸುತ್ತದೆ. ಇದೂ ಬೇಯಿಸಿದರೆ ನಾಶವಾಗದು. ಪದೇ ಪದೇ ಸಾವುಗಳು ಸಂಭವಿಸಿದ್ದರಿಂದ ಇಂಡೊನೇಷ್ಯ ಸರಕಾರ 1988ರಲ್ಲಿ ಇದರ ತಯಾರಿಕೆಯನ್ನು ನಿಷೇಧಿಸಿತು. 2020ರಲ್ಲಿ ಚೀನಾದ ಈಶಾನ್ಯ ಭಾಗದಲ್ಲಿ ಮನೆಯಲ್ಲಿ ಹುದುಗಿಸಿದ ಮೆಕ್ಕೆಜೋಳದ ಶಾವಿಗೆಯನ್ನು ತಿಂದ ಒಂದೇ ಕುಟುಂಬದ ಒಂಬತ್ತು ಮಂದಿ ಇದೇ ವಿಷಕ್ಕೆ ಬಲಿಯಾದರು.

ತಿಪಟೂರು, ಅರಸೀಕೆರೆ ಮುಂತಾದ ಕೊಬ್ಬರಿ ಕೇಂದ್ರಗಳಿರುವ ನಮ್ಮ ರಾಜ್ಯದಲ್ಲಿ ಎಣ್ಣೆ ಗಿರಣಿಯ ಹಿಂಡಿಗೆ ಹೊಸ ಉಪಯೋಗವನ್ನು ಹುಡುಕುವ ಬಯಕೆ ಸ್ವಾಭಾವಿಕ. ತೆಂಗಿನ ಹಿಂಡಿಯ ಮೇಲೆ ಮಾತ್ರ ಈ ಪ್ರಯೋಗವನ್ನು ಯಾರೂ ಮಾಡಬಾರದು. ಮನುಷ್ಯರ ಆಹಾರಕ್ಕಾಗಿ ಇದನ್ನು ಮಾಡಿ ಪ್ರಾಣ ತೆತ್ತವರ ಅನುಭವದ ಮೇಲೆಯೇ ಆ ನಿಷೇಧ ನಿಂತಿದೆ ಎಂಬುದನ್ನು ಮರೆಯಲಾಗದು.

ಗಮನಿಸಬೇಕಾದ ಚಿಹ್ನೆಗಳು ಸರಳವಾಗಿವೆ. ಟೆಂಪೆಯಲ್ಲಿ ರಂಧ್ರಗಳ ಬಳಿ ಕಾಣುವ ಬೂದು ಅಥವಾ ಕಪ್ಪು ಛಾಯೆ ರೈಜೋಪಸ್ ಬಲಿತು ಬೀಜಾಣು ಬಿಟ್ಟುದರ ಗುರುತು, ಅದು ದೋಷವಲ್ಲ. ಹಸಿರು, ಕಿತ್ತಳೆ, ಗುಲಾಬಿ ಬಣ್ಣಗಳು, ಲೋಳೆ, ಕೊಳೆತ ವಾಸನೆ ಕಂಡರೆ ಇಡೀ ಬ್ಯಾಚನ್ನು ಎಸೆಯಬೇಕು. ಕೆಟ್ಟ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಮಾರುವುದು ಅಪರಾಧಕ್ಕೆ ಸಮಾನ. ಆದರೆ ವಿಷಗಳಿಗೆ ಬಣ್ಣವಾಗಲಿ ವಾಸನೆಯಾಗಲಿ ಇರಲೇಬೇಕೆಂದಿಲ್ಲ. ಮಾರಾಟಕ್ಕೆ ಇಳಿಯುವವರು ಕಣ್ಣು ಮೂಗುಗಳನ್ನು ನಂಬಿ ಕೂರದೆ ಪ್ರಯೋಗಾಲಯದ ಪರೀಕ್ಷೆಗೆ ಮಾದರಿಗಳನ್ನು ಕಳುಹಿಸಬೇಕು.

ಹಾಳಾದ ಬ್ಯಾಚಿನ ಲೆಕ್ಕ

ಈಗ ಲಾಭ ನಷ್ಟದ ವಿಚಾರ. ಮನೆಯಲ್ಲಿ ಪ್ರಯೋಗ ಮಾಡುವವರು ಸಾಮಾನ್ಯವಾಗಿ ಯಶಸ್ವಿಯಾದ ಬ್ಯಾಚಿನ ವೆಚ್ಚವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ವಿವರಣೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಓದುಗರು ತಮ್ಮ ಊರಿನ ದರಗಳನ್ನು ಇಲ್ಲಿ ಅಳವಡಿಸಿಕೊಳ್ಳಬಹುದು.

ಒಂದು ಬ್ಯಾಚಿಗೆ 10 ಕಿಲೊ ಒಣ ಸೋಯಾ, ಕಿಲೊಗೆ ರೂ. 80ರಂತೆ ರೂ. 800, ಹೆಪ್ಪು ರೂ. 60, ವಿನಿಗರ್ ಮತ್ತು ಪ್ಯಾಕಿಂಗ್ ರೂ. 140, ಇಂಧನ, ನೀರು, ವಿದ್ಯುತ್ ರೂ. 200, ಕೂಲಿ ರೂ. 600. ಒಟ್ಟು ರೂ. 1,800. ಇದರಿಂದ 16 ಕಿಲೊ ಟೆಂಪೆ ದೊರೆಯುತ್ತದೆಂದು ಇಟ್ಟುಕೊಂಡರೆ ಕಿಲೊಗೆ ರೂ. 112.50 ಬೀಳುತ್ತದೆ. ರೂ. 140ಕ್ಕೆ ಮಾರಿದರೆ ರೂ. 27.50 ಲಾಭ ಎಂದು ಕಾಣುತ್ತದೆ.

ಆದರೆ ಹತ್ತರಲ್ಲಿ ಒಂದು ಬ್ಯಾಚ್ ಕೆಡುತ್ತದೆಂದು ಭಾವಿಸೋಣ. ಹತ್ತು ಬ್ಯಾಚಿನ ವೆಚ್ಚ ರೂ. 18,000, ಒಳ್ಳೆಯ ಉತ್ಪನ್ನ 144 ಕಿಲೊ, ಕಿಲೊಗೆ ರೂ. 125. ಆರಂಭದ ತಿಂಗಳುಗಳಲ್ಲಿ ಮೂರು ಬ್ಯಾಚ್ ಕೆಟ್ಟರೆ ಉತ್ಪನ್ನ 112 ಕಿಲೊಗೆ ಇಳಿದು ದರ ಸುಮಾರು ರೂ. 161 ಆಗುತ್ತದೆ. ಇನ್ನೊಂದು ಅಂಶವೂ ಇದೆ. ತಾಜಾ ಟೆಂಪೆ ಫ್ರಿಜ್ಜಿನಲ್ಲಿಯೂ ಕೆಲವೇ ದಿನ ಬಾಳುತ್ತದೆ. ಹತ್ತರಲ್ಲಿ ಒಂದೇ ಬ್ಯಾಚ್ ಕೆಟ್ಟರೂ, ಉಳಿದ 144 ಕಿಲೊನಲ್ಲಿ ಶೇ. 20ರಷ್ಟು ಮಾರಾಟವಾಗದೆ ಉಳಿದರೆ, ಕೈಗೆ ಹಣ ತರುವುದು 115.2 ಕಿಲೊ ಮಾತ್ರ. ಆಗ ಕಿಲೊಗೆ ನಿಜವಾದ ವೆಚ್ಚ ರೂ. 156.25. ಮೊದಲ ಲೆಕ್ಕಕ್ಕಿಂತ ಇದು ಸುಮಾರು ಶೇ. 39ರಷ್ಟು ಹೆಚ್ಚು. ರೂ. 140ಕ್ಕೆ ಮಾರುವವನು ಪ್ರತಿ ಕಿಲೊಗೆ ರೂ. 27.50 ಗಳಿಸುತ್ತಿದ್ದೇನೆಂದು ನಂಬಿ, ವಾಸ್ತವದಲ್ಲಿ ರೂ. 16.25 ಕಳೆದುಕೊಳ್ಳುತ್ತಿರುತ್ತಾನೆ. ಮಾರಾಟ ಹೆಚ್ಚಿದಷ್ಟೂ ನಷ್ಟ ಹೆಚ್ಚುವ ಇಂತಹ ಉದ್ದಿಮೆಯಲ್ಲಿ ಗಿರಾಕಿಗಳ ಮೆಚ್ಚುಗೆಯೇ ಮಾಲೀಕನಿಗೆ ಮುಳುವಾಗುತ್ತದೆ.

ವೆಚ್ಚ ಲೆಕ್ಕಶಾಸ್ತ್ರದಲ್ಲಿ ಹಾಳಾಗುವುದನ್ನು ಎರಡಾಗಿ ವಿಂಗಡಿಸುತ್ತಾರೆ. ಎಷ್ಟೇ ಜಾಗ್ರತೆ ವಹಿಸಿದರೂ ಆಗುವ ಸಾಮಾನ್ಯ ನಷ್ಟವನ್ನು ಒಳ್ಳೆಯ ಉತ್ಪನ್ನದ ವೆಚ್ಚಕ್ಕೆ ಸೇರಿಸಬೇಕು. ವಿದ್ಯುತ್ ನಿಲುಗಡೆ, ನಿರ್ಲಕ್ಷ್ಯ ಮುಂತಾದವುಗಳಿಂದ ಆದ ಅಸಾಮಾನ್ಯ ನಷ್ಟವನ್ನು ದಾಸ್ತಾನಿನ ಬೆಲೆಗೆ ಸೇರಿಸದೆ, ನೇರವಾಗಿ ಲಾಭ ನಷ್ಟದ ಖಾತೆಗೆ ಹಾಕಬೇಕು. ಲೆಕ್ಕ ಮಾನಕ 2 ಹೇಳುವುದೂ ಇದನ್ನೇ. ಅಂತೆಯೇ, ವರ್ಷಾಂತ್ಯದ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕು. ನಾಳೆ ಎಸೆಯಬೇಕಾದ ಟೆಂಪೆಗೆ ಮಾರ್ಚ್ 31ರಂದು ಪೂರ್ಣ ಬೆಲೆ ಕಟ್ಟುವುದು ಲೆಕ್ಕವಲ್ಲ, ಕಲ್ಪನೆ.

ಹೆಪ್ಪಿನಲ್ಲಿ ಉಳಿತಾಯ ತರವೇ?

ಮೊಸರಿಗೆ ನಿನ್ನೆಯ ಮೊಸರನ್ನೇ ಹೆಪ್ಪಾಗಿಸುವ ರೂಢಿಯವರಿಗೆ ಪ್ರತಿಸಲ ಹೆಪ್ಪನ್ನು ಕೊಳ್ಳುವುದು ದುಂದು ಎನಿಸುತ್ತದೆ. ಬಲಿತ ಟೆಂಪೆಯನ್ನು ಒಣಗಿಸಿ ಪುಡಿಮಾಡಿ ಮತ್ತೆ ಬಳಸುವ ಪ್ರಯೋಗವನ್ನು ಹವ್ಯಾಸಿಗಳು ಮಾಡುವುದುಂಟು. ಆದರೆ ಪ್ರತಿ ಪುನರಾವರ್ತನೆಯಲ್ಲಿಯೂ ಬೇರೆ ಕ್ರಿಮಿಗಳು ನುಸುಳುವ ಸಂಭವ ಹೆಚ್ಚುತ್ತದೆ.

ಮೇಲಿನ ಉದಾಹರಣೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಹತ್ತು ಬ್ಯಾಚಿಗೆ ಹೆಪ್ಪಿನ ವೆಚ್ಚ ರೂ. 600. ಅದನ್ನು ಪೂರ್ಣ ಉಳಿಸಿದರೂ ವೆಚ್ಚ ರೂ. 17,400ಕ್ಕೆ ಇಳಿಯುತ್ತದೆ. ಆದರೆ ಅಶುದ್ಧ ಹೆಪ್ಪಿನಿಂದಾಗಿ ಕೆಡುವ ಬ್ಯಾಚುಗಳು ಒಂದರಿಂದ ಎರಡಕ್ಕೆ ಏರಿದರೆ ಉತ್ಪನ್ನ 128 ಕಿಲೊ. ಕಿಲೊಗೆ ಸುಮಾರು ರೂ. 136. ಹೆಪ್ಪನ್ನು ಕೊಂಡಿದ್ದರೆ ರೂ. 125 ಆಗುತ್ತಿತ್ತು. ಒಟ್ಟು ವೆಚ್ಚದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲಾಗಿರುವ ವಸ್ತುವಿನಲ್ಲಿ ಉಳಿಸಹೋಗಿ ಇಡೀ ಸರಕನ್ನು ಪಣಕ್ಕಿಡುವುದು ಜಾಣತನವಲ್ಲ. ಇಂಡೊನೇಷ್ಯದಲ್ಲಿಯೂ ಎಲೆಯ ಹೆಪ್ಪಿನ ಸ್ಥಾನವನ್ನು ಬಹುಮಟ್ಟಿಗೆ ಕಾರ್ಖಾನೆಯ ಪುಡಿ ಆಕ್ರಮಿಸಿದೆ.

ನಮ್ಮಲ್ಲಿ ಇದಕ್ಕೆ ಹೋಲಿಕೆ ಅಣಬೆ ಕೃಷಿಯದು. ಜೋಳ ಅಥವಾ ಗೋಧಿಯ ಕಾಳನ್ನು ಬೇಯಿಸಿ, ಕ್ರಿಮಿಶುದ್ಧ ಮಾಡಿ, ಅದರ ಮೇಲೆ ಶುದ್ಧ ಶಿಲೀಂಧ್ರವನ್ನು ಬೆಳೆಸಿದ್ದೇ ಅಣಬೆ ಬೀಜ. ಬೆಂಗಳೂರು ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆ ಬೀಜ ಮತ್ತು ತರಬೇತಿಗಳಿಗೆ ಹೆಸರಾಗಿದೆ. ಸಣ್ಣ ಅಣಬೆ ಬೆಳೆಗಾರ ಬೀಜವನ್ನು ಕೊಂಡು ತರುತ್ತಾನೆಯೇ ಹೊರತು ತಾನೇ ಮಾಡಹೋಗುವುದು ವಿರಳ. ಕ್ಯೋಟೊದ ಮೊಯಾಶಿ ವ್ಯಾಪಾರಿಯ ಕಸುಬು ನಮಗೆ ಅಪರಿಚಿತವೇನಲ್ಲ ಎಂದಾಯಿತು. ಶಿಲೀಂಧ್ರಗಳ ಶುದ್ಧ ತಳಿಗಳನ್ನು ಸಂಖ್ಯೆ ಸಹಿತ ಕಾಪಿಡುವ ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ ಮುಂತಾದ ಸಂಗ್ರಹಗಳೂ ನಮ್ಮ ದೇಶದಲ್ಲಿವೆ. ಹೆಪ್ಪನ್ನು ಕೊಳ್ಳುವಾಗ ತಳಿಯ ಹೆಸರು, ತಯಾರಿಕೆಯ ದಿನಾಂಕ, ಲಾಟ್ ಸಂಖ್ಯೆಗಳಿರುವ ಪೊಟ್ಟಣವನ್ನೇ ಬಿಲ್ಲಿನ ಸಹಿತ ಕೊಳ್ಳಬೇಕು.

ಕಾನೂನು, ತೆರಿಗೆ ಮತ್ತು ದಾಖಲೆ

ಮನೆಯಲ್ಲಿ ತಯಾರಿಸಿ ಮನೆಯವರೇ ತಿಂದರೆ ಅದು ಹವ್ಯಾಸ. ಒಂದು ಪೊಟ್ಟಣವನ್ನು ಹಣಕ್ಕೆ ಕೊಟ್ಟೊಡನೆ ಅದು ಆಹಾರ ವ್ಯವಹಾರ. 2006ರ ಆಹಾರ ಸುರಕ್ಷತೆ ಮತ್ತು ಮಾನಕ ಕಾಯಿದೆಯ 31ನೇ ಕಲಮಿನಂತೆ ಪರವಾನಗಿ ಅಗತ್ಯ; ಕಿರು ತಯಾರಕರಿಗೆ ಅದರ ಬದಲು ನೋಂದಣಿಯ ಅವಕಾಶವಿದೆ. ಯಾವುದು ಅನ್ವಯಿಸುತ್ತದೆಂಬುದು ವಹಿವಾಟಿನ ಪ್ರಮಾಣವನ್ನು ಅವಲಂಬಿಸಿದೆ. ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನಮ್ಮ ದೇಶಕ್ಕೆ ಹೊಸದಾದ ಆಹಾರಗಳಿಗೆ ಮತ್ತು ಆಹಾರದಲ್ಲಿ ಬಳಸುವ ಸೂಕ್ಷ್ಮಜೀವಿಗಳಿಗೆ 2017ರಲ್ಲಿ ಪ್ರತ್ಯೇಕ ವಿನಿಯಮಗಳು ಬಂದಿವೆ. ತಾವು ಬಳಸುವ ಕಾಳು ಮತ್ತು ತಳಿಗೆ ಪೂರ್ವಾನುಮತಿ ಬೇಕೇ ಎಂಬುದನ್ನು ಯಂತ್ರ ಕೊಳ್ಳುವುದಕ್ಕೆ ಮೊದಲು ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಗೆ ಬಂದವರು ಕಾಯಿದೆಯ 17(5)(ಎಚ್) ಉಪಬಂಧವನ್ನು ಗಮನಿಸಬೇಕು. ನಾಶವಾದ, ಲೆಕ್ಕದಿಂದ ತೆಗೆದುಹಾಕಿದ, ಅಥವಾ ಉಚಿತ ಮಾದರಿಯಾಗಿ ಹಂಚಿದ ಸರಕಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಹೊಸ ತಿನಿಸನ್ನು ಪರಿಚಯಿಸುವವರು ಅಂಗಡಿ ಅಂಗಡಿಗೆ ಮಾದರಿ ಹಂಚುವುದು ವಾಡಿಕೆ. ಅದರ ಲೆಕ್ಕವನ್ನು ಪ್ರತ್ಯೇಕವಾಗಿ ಇಡದಿದ್ದರೆ ಮುಂದೆ ತಗಾದೆಗೆ ದಾರಿಯಾಗುತ್ತದೆ.

ಇವೆಲ್ಲಕ್ಕೂ ಆಧಾರವಾಗುವುದು ಒಂದು ಬ್ಯಾಚ್ ಪುಸ್ತಕ. ಪ್ರತಿ ಬ್ಯಾಚಿಗೆ ಕ್ರಮಸಂಖ್ಯೆ, ಕಾಳಿನ ಖರೀದಿ ಬಿಲ್ಲು, ಹೆಪ್ಪಿನ ಲಾಟ್ ಸಂಖ್ಯೆ, ನೆನೆಯಿಸಿದ ಮತ್ತು ಬೇಯಿಸಿದ ಅವಧಿ, ನಿಗದಿತ ಗಂಟೆಗಳಿಗೊಮ್ಮೆ ಶಾಖ, ಬಂದ ತೂಕ, ಕೆಟ್ಟಿದ್ದರೆ ಕಾರಣ ಮತ್ತು ವಿಲೇವಾರಿ, ಮಾರಿದ್ದರೆ ಯಾರಿಗೆ ಎಂಬುದನ್ನು ಬರೆಯಬೇಕು. ದೂರು ಬಂದರೆ ಯಾವ ಸರಕನ್ನು ವಾಪಸು ತರಿಸಬೇಕೆಂದು ಈ ಪುಸ್ತಕ ಹೇಳುತ್ತದೆ. ಸಾಲ ಕೇಳಿದರೆ ಬ್ಯಾಂಕಿಗೆ ನಿಮ್ಮ ಕೆಡುಕಿನ ಪ್ರಮಾಣ ಎಷ್ಟೆಂದು ಹೇಳುತ್ತದೆ. ಕೆಟ್ಟ ಬ್ಯಾಚುಗಳು ಚಳಿಯ ದಿನಗಳಲ್ಲಿಯೇ ಬರುತ್ತಿವೆಯೋ ಒಂದೇ ಲಾಟಿನಿಂದ ಬರುತ್ತಿವೆಯೋ ಎಂದು ನಿಮಗೇ ಹೇಳುತ್ತದೆ.

ಮಾರುಕಟ್ಟೆಯ ಎರಡು ಪಾಠಗಳು

ಒಂದು ಪಾಠ ಜಪಾನಿನದು. ಓಯಿತಾ ಪ್ರಾಂತದ ಸಾಯಿಕಿ ಪಟ್ಟಣದಲ್ಲಿ 1689ರಲ್ಲಿ ಆರಂಭವಾದ ಕೋಜಿ ಅಂಗಡಿಯೊಂದಿದೆ. ಮನೆಯಲ್ಲಿ ಮಿಸೊ ಮಾಡುವವರು ಕಡಿಮೆಯಾದಂತೆ ಕೋಜಿಯ ಬೇಡಿಕೆಯೂ ಕುಗ್ಗಿತು. ಆಗ ಆ ಮನೆತನದವರು ಕೋಜಿಗೆ ಉಪ್ಪು ನೀರು ಬೆರೆಸಿ ಮಾಡುವ ಶಿಯೊ ಕೋಜಿ ಎಂಬ ಹಳೆಯ ವ್ಯಂಜನವನ್ನು ಗೃಹಿಣಿಯರಿಗೆ ಕಲಿಸತೊಡಗಿದರು. 2011–12ರ ಸುಮಾರಿಗೆ ಅದು ಜಪಾನಿನಾದ್ಯಂತ ಜನಪ್ರಿಯವಾಯಿತು. ಸರಕನ್ನು ಬದಲಿಸದೆ ಅದರ ಉಪಯೋಗವನ್ನು ಕಲಿಸಿದ್ದೇ ಇಲ್ಲಿಯ ವ್ಯಾಪಾರ ತಂತ್ರ. ನಮ್ಮಲ್ಲಿಯೂ ಟೆಂಪೆಯನ್ನು ಮಾರುವವರು ಮೊದಲು ಅದನ್ನು ಪಲ್ಯಕ್ಕೆ, ಸಾಗುವಿಗೆ ಹೇಗೆ ಬಳಸುವುದೆಂದು ತೋರಿಸಬೇಕಾಗುತ್ತದೆ.

ಇನ್ನೊಂದು ಪಾಠ ಇಂಡೊನೇಷ್ಯದ್ದು. ಅಲ್ಲಿಯ ಟೆಂಪೆ ತಯಾರಕರು ಬಳಸುವ ಸೋಯಾದ ಬಹುಭಾಗ ಆಮದು. 2008ರ ಜನವರಿಯಲ್ಲಿ ಸೋಯಾ ದರ ಏರಿದಾಗ ಸಾವಿರಾರು ತಯಾರಕರು ಜಕಾರ್ತದಲ್ಲಿ ಪ್ರತಿಭಟಿಸಿದರು. 2012ರಲ್ಲಿಯೂ 2021ರಲ್ಲಿಯೂ ಉತ್ಪಾದನೆ ನಿಲ್ಲಿಸಿದ ಪ್ರಸಂಗಗಳು ನಡೆದವು. ದಿನಬಳಕೆಯ ಅಗ್ಗದ ಆಹಾರಕ್ಕೆ ಬೆಲೆ ಏರಿಸಲಾಗದೆ ತಯಾರಕರು ಹಲಗೆಯ ಗಾತ್ರವನ್ನೇ ಕುಗ್ಗಿಸುತ್ತಾರೆ. ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಸೋಯಾ ಬೆಳೆಯುವ ನಮಗೆ ಕಚ್ಚಾ ಮಾಲು ಹತ್ತಿರದಲ್ಲಿದೆ ಎಂಬುದು ಅನುಕೂಲವೇ ಸರಿ. ಆದರೂ ಒಂದೇ ಕಾಳನ್ನು ನೆಚ್ಚದೆ ಕಡಲೆ, ಅಲಸಂದೆಗಳಲ್ಲಿಯೂ ಪ್ರಯೋಗ ಮಾಡಿ, ದರ ಏರಿದಾಗ ಬದಲಿಸಿಕೊಳ್ಳುವ ಸಾಮರ್ಥ್ಯ ಪಡೆಯುವುದು ಕ್ಷೇಮ.

ಆಸಕ್ತರಿಗೆ ಸಲಹೆ

ಈ ಕ್ಷೇತ್ರಕ್ಕೆ ಬರಬಯಸುವವರು ಒಂದೇ ಕಾಳು, ಒಂದೇ ತಳಿ, ಒಂದೇ ಅಳತೆಯಲ್ಲಿ ಮೂವತ್ತು ಸಣ್ಣ ಬ್ಯಾಚುಗಳನ್ನು ಮಾಡಿ, ಒಂದನ್ನೂ ಬಿಡದೆ ಪುಸ್ತಕದಲ್ಲಿ ದಾಖಲಿಸಲಿ. ಅವುಗಳಲ್ಲಿ ಕೆಲವನ್ನು ಮೈಸೂರಿನ ಸಿಎಫ್‌ಟಿಆರ್‌ಐ ಅಥವಾ ಮಾನ್ಯತೆ ಪಡೆದ ಇತರ ಪ್ರಯೋಗಾಲಯದಲ್ಲಿ ಪರೀಕ್ಷಿಸಲಿ. ಮೂವತ್ತರಲ್ಲಿ ಎಷ್ಟು ಕೆಟ್ಟವು, ಕೆಡುಕನ್ನು ಸೇರಿಸಿದ ಮೇಲೆ ಕಿಲೊಗೆ ಎಷ್ಟು ಬಿತ್ತು ಎಂಬ ಎರಡು ಅಂಕಿಗಳು ಕೈಗೆ ಬಂದ ನಂತರವೇ ಷೆಡ್ಡು, ಯಂತ್ರ, ಸಾಲಗಳ ಮಾತನ್ನು ಆಡಲಿ. ಈ ಮೂವತ್ತು ಬ್ಯಾಚಿಗೆ ತಗಲುವ ಖರ್ಚು ಒಂದು ಸಣ್ಣ ಯಂತ್ರದ ಮುಂಗಡಕ್ಕಿಂತ ಕಡಿಮೆ. ಅಂಕಿಗಳು ಅನುಕೂಲವಾಗಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಪ್ರತಿಕೂಲವಾಗಿದ್ದರೆ ಅಲ್ಪ ವೆಚ್ಚದಲ್ಲಿಯೇ ದೊಡ್ಡ ನಷ್ಟವನ್ನು ತಪ್ಪಿಸಿಕೊಂಡಂತಾಗುತ್ತದೆ.